ಹೊಲಿದು ಮುಗಿಸಿದ ಕಸೂತಿಯ ಸುಕ್ಕು ತೆಗೆಯುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳು ಕೂತು ಹೊಲಿದ ಕಸೂತಿಯೊಂದನ್ನು ಕಳೆದ ವಾರ ಮುಗಿಸಿದ್ದೇನೆ. ಬಟ್ಟೆ ಕೆನೆಬಣ್ಣದ ಲಿನನ್. ಬಳ್ಳಿ ಮತ್ತು ಎಲೆಗಳು ಹತ್ತಿ ದಾರದಲ್ಲಿವೆ. ದಳಗಳನ್ನು ರೇಷ್ಮೆ ದಾರದ ಸ್ಯಾಟಿನ್ ಹೊಲಿಗೆಯಿಂದ ತುಂಬಿ, ನಡುವೆ ಫ್ರೆಂಚ್ ನಾಟ್ ಗಂಟುಗಳನ್ನು ಹಾಕಿ, ಅಂಚಿಗೆ ಹೊಳೆಯುವ ಮೆಟಾಲಿಕ್ ದಾರ ಕೊಟ್ಟಿದ್ದೇನೆ. ನಡುವೆ ಮೂರು ವಾರ ಕೆಲಸವನ್ನು ಕೈಗೆತ್ತಿಕೊಳ್ಳಲಾಗದೆ, ಹೊಲಿಯುವಾಗ ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ರಿಂಗಿನಲ್ಲೇ ಬಿಟ್ಟಿದ್ದರಿಂದ ಬಟ್ಟೆಯ ಮೇಲೆ ದುಂಡಗಿನ ಗುರುತು ಅಚ್ಚೊತ್ತಿದಂತೆ ಉಳಿದಿದೆ, ಅದು ಒಂದು ದಳದ ಮೇಲೂ ಹಾದುಹೋಗಿದೆ. ಹಿಂದೊಮ್ಮೆ ಬೇರೊಂದು ಕಸೂತಿಗೆ ಮೇಲ್ಬದಿಯಿಂದಲೇ ಇಸ್ತ್ರಿ ಹಾಕಿ, ಗಂಟುಗಳೆಲ್ಲ ಚಪ್ಪಟೆಯಾಗಿ ದಾರದ ಹೊಳಪು ಕಳೆಗುಂದಿದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಬಲ್ಲವರು ತಿಳಿಸಬೇಕು. ಚಿತ್ರ ಬರೆಯಲು ನೀರಿನಲ್ಲಿ ಹೋಗುವ ನೀಲಿ ಪೆನ್ನನ್ನು ಬಳಸಿದ್ದೆ; ಎಲೆಗಳ ಅಂಚಿನಲ್ಲಿ ಅದರ ಗೆರೆಗಳು ಇನ್ನೂ ಕಾಣುತ್ತಿವೆ.

ಉತ್ತರ 1

ಇಸ್ತ್ರಿ ಪೆಟ್ಟಿಗೆಯನ್ನು ದಯವಿಟ್ಟು ಸದ್ಯಕ್ಕೆ ಪಕ್ಕಕ್ಕಿಡಿ. ನೀವು ಕೊನೆಯಲ್ಲಿ ಹೇಳಿದ ನೀಲಿ ಗೆರೆಯೇ ಇಲ್ಲಿ ಮೊದಲು ನೋಡಬೇಕಾದ ವಿಷಯ. ಆ ಶಾಯಿಗೆ ಶಾಖ ತಾಗಿದರೆ ಅದು ಕಂದು ಬಣ್ಣಕ್ಕೆ ತಿರುಗಿ ಬಟ್ಟೆಯಲ್ಲೇ ನಿಂತುಬಿಡಬಹುದು, ಆಮೇಲೆ ಎಷ್ಟು ತೊಳೆದರೂ ಹೋಗುವುದು ಕಷ್ಟ. ರಿಂಗಿನ ಗುರುತಿನ ಜಾಗದಲ್ಲಿ ಕೈಯ ಜಿಡ್ಡೂ ಕೂತಿರುತ್ತದೆ. ಅದರ ಮೇಲೆ ಇಸ್ತ್ರಿ ಹಾಕಿದರೆ ಸುಕ್ಕು ಹೋಗಿ ಕಲೆ ಉಳಿದೀತು.

ಆದ್ದರಿಂದ ತೊಳೆಯುವುದು ಮೊದಲು, ಅದಕ್ಕೂ ಮುಂಚೆ ಬಣ್ಣದ ಪರೀಕ್ಷೆ. ಒದ್ದೆ ಮಾಡಿದ ಬಿಳಿ ಬಟ್ಟೆಯ ತುಣುಕನ್ನು ಹಿಂಬದಿಯಿಂದ ಪ್ರತಿಯೊಂದು ಬಣ್ಣದ ದಾರದ ಮೇಲೂ ಅರ್ಧ ನಿಮಿಷ ಒತ್ತಿಹಿಡಿಯಿರಿ. ಕಡುಗೆಂಪು ಮತ್ತು ಕಡುನೀಲಿ ದಾರಗಳನ್ನು, ಅದರಲ್ಲೂ ರೇಷ್ಮೆಯನ್ನು, ಎರಡು ಸಲ ನೋಡುವುದು ಒಳ್ಳೆಯದು. ತುಣುಕಿಗೆ ಬಣ್ಣ ಹತ್ತಿದರೆ ಇಡೀ ಕಸೂತಿಯನ್ನು ನೆನೆಸಬೇಡಿ. ಬಣ್ಣ ಬಿಡದಿದ್ದರೆ ಅಗಲವಾದ ಪಾತ್ರೆಯಲ್ಲಿ ತಣ್ಣೀರು ತುಂಬಿಸಿ ಕಸೂತಿಯನ್ನು ಮುಳುಗಿಸಿ, ನೀಲಿ ಗೆರೆ ಪೂರ್ತಿ ಕರಗಿದ ಮೇಲೆ ಮತ್ತೊಮ್ಮೆ ಹೊಸ ನೀರಿನಲ್ಲಿ, ಒಂದೆರಡು ಹನಿ ಸೌಮ್ಯ ಸಾಬೂನು ದ್ರಾವಣ ಬೆರೆಸಿ, ಉಜ್ಜದೆ ಅದ್ದಿ ತೆಗೆಯಿರಿ. ಸಾಬೂನು ಸ್ವಲ್ಪವೂ ಉಳಿಯದಂತೆ ಜಾಲಾಡಿಸಿ. ಹಿಂಡಲೇಬೇಡಿ. ಒಣ ಟವೆಲಿನ ಮೇಲೆ ಹರಡಿ, ಟವೆಲನ್ನು ಸುರುಳಿ ಸುತ್ತಿ ಅಂಗೈಯಿಂದ ಮೆಲ್ಲಗೆ ಒತ್ತಿದರೆ ನೀರು ಟವೆಲಿಗೆ ಇಳಿಯುತ್ತದೆ.

ಲಿನನ್‌ನ ಸುಕ್ಕು ಬಿಡಿಸುವುದರಲ್ಲಿ ಅರ್ಧ ಕೆಲಸ ನೀರಿನದೇ. ನಾರಿನೊಳಗಿನ ಕಣಗಳ ಹಿಡಿತವನ್ನು ನೀರು ಸಡಿಲಿಸುತ್ತದೆ, ಬಟ್ಟೆ ಒಣಗುವಾಗ ಯಾವ ಸ್ಥಿತಿಯಲ್ಲಿದೆಯೋ ಅದೇ ಸ್ಥಿತಿಯಲ್ಲಿ ಆ ಹಿಡಿತ ಮತ್ತೆ ಬಿಗಿಯುತ್ತದೆ. ಹಾಗಾಗಿ ಪೂರ್ತಿ ಒಣಗುವ ಮುನ್ನವೇ ಇಸ್ತ್ರಿ ಆಗಬೇಕು. ದಪ್ಪ ಟರ್ಕಿ ಟವೆಲನ್ನು ಎರಡು ಮಡಿಕೆ ಮಾಡಿ ಹಾಸಿ, ಕಸೂತಿಯನ್ನು ಅದರ ಮೇಲೆ ಬೋರಲಾಗಿ ಇಡಿ. ಗಂಟುಗಳು ಟವೆಲಿನ ಎಳೆಗಳ ನಡುವೆ ಹುದುಗಿಕೊಳ್ಳುವುದರಿಂದ ಜಜ್ಜಿಹೋಗುವುದಿಲ್ಲ. ಮೇಲೊಂದು ತೆಳು ಹತ್ತಿ ಬಟ್ಟೆ ಹಾಕಿ, ಪೆಟ್ಟಿಗೆಯನ್ನು ಎಳೆದಾಡದೆ ಇಟ್ಟು ಎತ್ತಿ, ಇಟ್ಟು ಎತ್ತಿ ಮುಂದುವರಿಯಿರಿ.

ಶಾಖವನ್ನು ಬಟ್ಟೆ ನೋಡಿ ನಿರ್ಧರಿಸಬೇಡಿ, ಅದರ ಮೇಲಿರುವ ಅತಿ ನಾಜೂಕು ದಾರವನ್ನು ನೋಡಿ ನಿರ್ಧರಿಸಿ. ಪೆಟ್ಟಿಗೆಯ ಮೇಲಿನ ಮೂರು ಚುಕ್ಕಿ ಎಂದರೆ ಸುಮಾರು 200 ಡಿಗ್ರಿ ಸೆಲ್ಸಿಯಸ್. ಲಿನನ್ ಅದನ್ನು ತಡೆಯುತ್ತದೆ. ರೇಷ್ಮೆಗೆ ಎರಡು ಚುಕ್ಕಿಯ 150 ಡಿಗ್ರಿಯೇ ಮಿತಿ. ಮೆಟಾಲಿಕ್ ದಾರದ ಹೊಳಪು ಸಾಮಾನ್ಯವಾಗಿ ಲೋಹ ಲೇಪಿಸಿದ ಪ್ಲಾಸ್ಟಿಕ್ ಪೊರೆಯದು. ಅದು ಬಿಸಿಗೆ ಮುರುಟಿಕೊಳ್ಳುವುದರಿಂದ ನಿಮ್ಮ ಕೆಲಸಕ್ಕೆ ಒಂದು ಚುಕ್ಕಿ, ಅಂದರೆ 110 ಡಿಗ್ರಿಯನ್ನು ದಾಟಬಾರದು.

ಉತ್ತರ 2

ಮೇಲಿನವರು ತೊಳೆಯುವುದರ ಬಗ್ಗೆ ಹೇಳಿದ್ದೆಲ್ಲವನ್ನೂ ಒಪ್ಪುತ್ತೇನೆ. ಆದರೆ ರೇಷ್ಮೆ, ಮೆಟಾಲಿಕ್ ದಾರಗಳೆರಡೂ ಇರುವ ಕಸೂತಿಗೆ ನಾನು ಇಸ್ತ್ರಿಯನ್ನೇ ಮುಟ್ಟಿಸುವುದಿಲ್ಲ. ಮೆತ್ತನೆಯ ಹಲಗೆಯೊಂದಕ್ಕೆ ಬಣ್ಣ ಬಿಡದ ಬಿಳಿ ಬಟ್ಟೆ ಸುತ್ತಿ, ತೇವವಿರುವ ಕಸೂತಿಯನ್ನು ಮುಖ ಮೇಲಾಗಿ ಹರಡಿ, ತುಕ್ಕು ಹಿಡಿಯದ ಗುಂಡುಸೂಜಿಗಳನ್ನು ಒಂದೊಂದು ಬೆರಳಗಲದ ಅಂತರದಲ್ಲಿ ಅಂಚಿಗೆ ಚುಚ್ಚುತ್ತೇನೆ. ಮೊದಲು ನಾಲ್ಕು ಬದಿಗಳ ನಡುಭಾಗ, ಆಮೇಲೆ ಎದುರುಬದುರಾಗಿ ಮೂಲೆಗಳ ಕಡೆಗೆ ಹೋದರೆ ನೇಯ್ಗೆಯ ಎಳೆಗಳು ಓರೆಯಾಗುವುದಿಲ್ಲ. ಬಿಸಿಲು ಬೀಳದ ಜಾಗದಲ್ಲಿ ಒಂದು ದಿನ ಬಿಟ್ಟರೆ ಬಟ್ಟೆ ತಾನಾಗಿ ಬಿಗಿದುಕೊಂಡು ಸಮವಾಗುತ್ತದೆ. ಗಂಟುಗಳ ಮೇಲೆ ಯಾವ ಭಾರವೂ ಬೀಳದಿರುವುದೇ ಇದರ ದೊಡ್ಡ ಅನುಕೂಲ.

ಇನ್ನೊಂದು ಮಾತು. ಹೊಲಿಗೆಯನ್ನು ಬಿಗಿಯಾಗಿ ಎಳೆದದ್ದರಿಂದ ಬಟ್ಟೆ ಮುದುಡಿದ್ದರೆ ಅದು ಸುಕ್ಕಲ್ಲ. ಸೂಜಿ ಚುಚ್ಚಿ ಒಣಗಿಸಿದರೆ ಅದು ತುಸು ಕಡಿಮೆಯಾಗಬಹುದಷ್ಟೇ, ಪೂರ್ತಿ ಹೋಗುವುದಿಲ್ಲ.

ಉತ್ತರ 3

ದಳದ ಮೇಲಿನ ಗುರುತಿಗೆ ಮಾತ್ರ ಹೇಳುತ್ತೇನೆ. ಒತ್ತಡಕ್ಕೆ ಸಿಕ್ಕ ರೇಷ್ಮೆ ಎಳೆಗಳು ಅಲ್ಲಿ ಅಡ್ಡಾದಿಡ್ಡಿಯಾಗಿ ಮಲಗಿರುತ್ತವೆ, ಅದಕ್ಕೇ ಬೆಳಕು ಅಲ್ಲಿ ಬೇರೆ ಥರ ಬೀಳುತ್ತದೆ. ಬಟ್ಟೆ ಒಣಗಿದ ಮೇಲೆ ಹಿಂಬದಿಯಿಂದ, ನಾಲ್ಕು ಬೆರಳು ದೂರದಲ್ಲಿ, ಒಂದೆರಡು ಕ್ಷಣ ಮಾತ್ರ ಹಬೆ ತೋರಿಸಿ. ನೀರಿನ ಹನಿ ಸಿಡಿದರೆ ರೇಷ್ಮೆಯ ಮೇಲೆ ಕಲೆ ಕೂರುತ್ತದೆ. ಮೊದಲು ಹಬೆಯನ್ನು ಬೇರೆ ಬಟ್ಟೆಯ ಮೇಲೆ ಬಿಟ್ಟು ನೋಡಿಕೊಳ್ಳಿ. ಬಳಿಕ ದಪ್ಪ ಸೂಜಿಯ ಕಣ್ಣಿನ ತುದಿಯಿಂದ ಎಳೆಗಳನ್ನು ಹೊಲಿಗೆಯ ದಿಕ್ಕಿನಲ್ಲೇ ನಯವಾಗಿ ನೇವರಿಸಿ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಪರೀಕ್ಷೆಯಲ್ಲಿ ಯಾವ ದಾರವೂ ಬಣ್ಣ ಬಿಡಲಿಲ್ಲವಾದ್ದರಿಂದ ತೊಳೆದು, ಹಲಗೆಗೆ ಚುಚ್ಚಿ ಒಣಗಿಸಿದೆ. ನೀಲಿ ಗೆರೆಗಳು ಮೊದಲ ನೀರಿನಲ್ಲೇ ಹೋದವು. ಇಂದು ಬೆಳಿಗ್ಗೆ ಗುಂಡುಸೂಜಿಗಳನ್ನು ತೆಗೆದಾಗ ಲಿನನ್ ಮೇಲಿನ ದುಂಡು ಗುರುತು ಎಲ್ಲಿತ್ತೆಂದು ಹುಡುಕುವಂತಾಗಿತ್ತು, ಗಂಟುಗಳು ಹೊಲಿದ ದಿನದಂತೆಯೇ ಎದ್ದು ನಿಂತಿದ್ದವು. ದಳದ ಮೇಲೆ ಕೂದಲೆಳೆಯಷ್ಟು ಗೆರೆ ಉಳಿದಿತ್ತು. ಹಬೆ ತೋರಿಸಿ ಸೂಜಿಯಿಂದ ಆರೇಳು ಸಲ ನೇವರಿಸಿದ ಮೇಲೆ ರೇಷ್ಮೆ ಎಳೆಗಳು ಒತ್ತಾಗಿ ಒಂದೇ ದಿಕ್ಕಿಗೆ ಮಲಗಿದವು; ಈಗ ಕಿಟಕಿಯ ಬೆಳಕಿಗೆ ಹಿಡಿದು ಓರೆಯಾಗಿ ನೋಡಿದರೂ ಆ ಗೆರೆ ಕಾಣುತ್ತಿಲ್ಲ.