ಗೋಕರ್ಣದ ದಂಡೆ ನಡಿಗೆ, ಜಲಪಾತ: ಮೂರು ದಿನದಲ್ಲಿ ಎರಡೂ ಆಗುತ್ತಾ?

ಚಕ್ಕುಲಿ_ಚೀಲ:

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆ ವಾರದಲ್ಲಿ ಮೂರು ದಿನ ರಜೆ ಸಿಕ್ಕಿದೆ. ಹೊರಡುವವರು ನಾನು, ನಮ್ಮವರು, ಹನ್ನೊಂದು ವರ್ಷದ ಮಗಳು, ಜೊತೆಗೆ ನಮ್ಮ ಅತ್ತೆ. ಅತ್ತೆಗೆ 64 ವರ್ಷ, ಮಂಡಿ ನೋವಿದೆ. ಮನೆಯಲ್ಲಿ ಇರಿ ಅಂದರೆ ಕೇಳುವುದಿಲ್ಲ, ಕೇಳಬೇಕು ಅಂತ ನನಗೂ ಇಲ್ಲ.

ನಮ್ಮವರು ಎಕ್ಸೆಲ್ ಶೀಟ್ ಮಾಡಿ ಇಟ್ಟಿದ್ದಾರೆ. ಮೊದಲ ದಿನ ಗೋಕರ್ಣದಿಂದ ಕುಮಟಾವರೆಗೆ ಸಮುದ್ರದ ದಂಡೆ ಹಿಡಿದು ನಡೆಯುವುದು. ಎರಡನೇ ದಿನ ಯಾಣ, ವಿಭೂತಿ, ಉಂಚಳ್ಳಿ. ಮೂರನೇ ದಿನ ಮಾಗೋಡು, ಸಾತೊಡ್ಡಿ, ಜೋಗ ನೋಡಿಕೊಂಡು ರಾತ್ರಿ ವಾಪಸ್. ಊಟಕ್ಕೆ 25 ನಿಮಿಷ ಅಂತ ಒಂದು ಕಾಲಂ ಬೇರೆ ಇದೆ. ಅದನ್ನು ನೋಡಿಯೇ ನನಗೆ ಅನುಮಾನ ಬಂತು, ಅದಕ್ಕೆ ಇಲ್ಲಿ ಕೇಳ್ತಿದ್ದೇನೆ.

ಆ ಹೊತ್ತಿಗೆ ಜಲಪಾತಗಳಲ್ಲಿ ನೀರು ಇರುತ್ತಾ? ದಂಡೆ ನಡಿಗೆ ಮಕ್ಕಳಿಗೆ ಆಗುತ್ತಾ? ಮಧ್ಯದಲ್ಲಿ ಒಂದು ನದಿ ದಾಟಬೇಕಂತೆ, ಹೇಗೆ? ಉಂಬಳದ (ಕಾಡಿನ ಜಿಗಣೆ) ಭಯ ನನಗೆ ಸಿಕ್ಕಾಪಟ್ಟೆ ಇದೆ, ಅದನ್ನೂ ಯಾರಾದರೂ ನಿಜ ಹೇಳಿ. ಸುಮ್ನೆ ಧೈರ್ಯ ತುಂಬಬೇಡಿ.

ಮಳೆಹುಚ್ಚ:

ಮೇಡಂ, ಆ ಶೀಟ್ ಹರಿದು ಹಾಕಿ (ಎಕ್ಸೆಲ್ ಹರಿಯಲು ಬರಲ್ಲ, ಡಿಲೀಟ್ ಮಾಡಿ). ನಿಮ್ಮವರು ಮೂರು ದಿನದಲ್ಲಿ ನಾಲ್ಕು ನದಿಗಳ ಕಣಿವೆ ತುಂಬಿಸಿದ್ದಾರೆ. ಉಂಚಳ್ಳಿ ಅಘನಾಶಿನಿಯದ್ದು, ಮಾಗೋಡು ಬೇಡ್ತಿಯದ್ದು, ಸಾತೊಡ್ಡಿ ಕಾಳಿ ಕಡೆಗೆ ಹರಿಯುವ ಹಳ್ಳದ್ದು, ಜೋಗ ಶರಾವತಿಯದ್ದು. ಭೂಪಟದಲ್ಲಿ ಪಕ್ಕಪಕ್ಕ ಕಂಡರೂ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಘಟ್ಟದ ತಿರುವುಗಳಲ್ಲೇ ದಿನ ಕಳೆದುಹೋಗುತ್ತದೆ. ಮಗಳು ಹಿಂದಿನ ಸೀಟಿನಲ್ಲಿ ವಾಂತಿ ಮಾಡುತ್ತಾಳೆ, ಅತ್ತೆ ಕಾರಿನಿಂದ ಇಳಿಯುವುದೇ ಇಲ್ಲ.

ಜೋಗವನ್ನು ಮೊದಲು ತೆಗೆಯಿರಿ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ, ಅಲ್ಲಿಂದ ನೀರು ಬಿಟ್ಟರೆ ವೈಭವ, ಇಲ್ಲದಿದ್ದರೆ ಬಂಡೆ. ಉಂಚಳ್ಳಿಗೆ ಆ ತೊಂದರೆ ಇಲ್ಲ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ, ಮಳೆ ಎಷ್ಟು ಬಂತೋ ಅಷ್ಟು ನೀರು.

ನೀವು ಆರಿಸಿದ ಸಮಯ ಮಾತ್ರ ಸರಿಯಾಗಿದೆ. ಜಲಪಾತಕ್ಕೆ ಮಳೆ ಬೇಕು, ದಂಡೆ ನಡಿಗೆಗೆ ಮಳೆ ನಿಲ್ಲಬೇಕು. ಇವೆರಡೂ ಒಟ್ಟಿಗೆ ಸಿಗುವುದು ವರ್ಷದಲ್ಲಿ ಆರೇಳು ವಾರ, ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗೆ. ಜುಲೈನಲ್ಲಿ ಹೋಗಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆಗ ಉಂಚಳ್ಳಿಯಲ್ಲಿ ಮಂಜು ಬಿಟ್ಟರೆ ಏನೂ ಕಾಣದ ದಿನಗಳೇ ಜಾಸ್ತಿ, ಕೆಳಗೆ ಸಮುದ್ರ ಕಾಲಿಡಲು ಬಿಡುವುದಿಲ್ಲ, ರಸ್ತೆಯೂ ನಂಬಿಕೆಗೆ ಇಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಮೇಲೇ ಗುಡ್ಡ ಕುಸಿದದ್ದು ನೆನಪಿದೆ ಅಲ್ವಾ?

ಕುಮಟಾ_ಮಾಣಿ:

ಅಕ್ಕಾ, ನಾನು ಇಲ್ಲಿಯವನೇ. ಮೇಲಿನವರು ಹೇಳಿದ್ದು ಸರಿ, ಆದರೆ ಏನು ತೆಗೆಯಬೇಕು ಅನ್ನುವುದಕ್ಕಿಂತ ಏನು ಇಟ್ಟುಕೊಳ್ಳಬೇಕು ಅಂತ ಹೇಳ್ತೇನೆ. ಒಂದೇ ನದಿ ಹಿಡಿಯಿರಿ. ಅಘನಾಶಿನಿ. ಘಟ್ಟದ ಮೇಲೆ ಅದು ಬೀಳುವುದನ್ನು ನೋಡಿ, ಕೆಳಗೆ ಅದೇ ನೀರನ್ನು ಬೋಟಿನಲ್ಲಿ ದಾಟಿ. ಮಗಳಿಗೂ ಒಂದು ಕಥೆ ಸಿಕ್ಕಿದ ಹಾಗೆ ಆಗುತ್ತದೆ.

ಉಂಚಳ್ಳಿಗೆ ನಮ್ಮ ಕಡೆ ಕೆಪ್ಪ ಜೋಗ ಅಂತಾರೆ, ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತ. 116 ಮೀಟರ್ ಎತ್ತರ. ಲಷಿಂಗ್ಟನ್ ಜಲಪಾತ ಅಂತಲೂ ಹಳೇ ಪುಸ್ತಕಗಳಲ್ಲಿ ಇರುತ್ತದೆ. 1845ರಲ್ಲಿ ಬಂದು ನೋಡಿದ ಬ್ರಿಟಿಷ್ ಅಧಿಕಾರಿಯ ಹೆಸರು ಅದು. ಅವನು ಬರುವ ಮೊದಲೂ ನೀರು ಬೀಳ್ತಿತ್ತು, ಹೆಸರೂ ಇತ್ತು, ಅದು ಬೇರೆ ಮಾತು. ಕುಮಟಾದಿಂದ ಸಿದ್ದಾಪುರ ರಸ್ತೆಯಲ್ಲಿ ದೊಡ್ಮನೆ ಘಟ್ಟ ಹತ್ತಿ ಹೆಗ್ಗರಣೆ ಕಡೆಗೆ ತಿರುಗಬೇಕು. ಗಾಡಿ ನಿಲ್ಲಿಸಿದ ಮೇಲೆ ಸ್ವಲ್ಪ ನಡಿಗೆ, ಆಮೇಲೆ ಮೆಟ್ಟಿಲು. ನೀರಿಗೆ ಇಳಿಯುವ ಜಾಗ ಅಲ್ಲ ಅದು, ಎದುರಿನ ಗುಡ್ಡದಿಂದ ನೋಡುವ ಜಾಗ. ಬುಡಕ್ಕೆ ಇಳಿಸ್ತೇನೆ ಅಂತ ಯಾರಾದರೂ ಹೇಳಿದರೆ ಕೈ ಮುಗಿದು ಬನ್ನಿ.

ಘಟ್ಟದ ಈ ಕಾಡಿನಲ್ಲಿ ಸಿಂಗಳೀಕಗಳು ಇವೆ. ಅವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಜಡೆ, ಸಿಂಹದಂತೆ ಬಾಲದ ತುದಿಯಲ್ಲಿ ಕುಚ್ಚು. ಮರದ ಮೇಲಿಂದ ಇಳಿಯುವುದೇ ಕಡಿಮೆ. ನೆಲದಲ್ಲಿ ಕೂತು ಬಿಸ್ಕತ್ತು ಕಸಿಯುವುದು ಬೇರೆ ಮಂಗ, ಎರಡಕ್ಕೂ ಏನೂ ಹಾಕಬೇಡಿ.

ನದಿ ದಾಟುವುದು ತದಡಿಯಲ್ಲಿ. ಆಚೆ ದಡದ ಊರಿನ ಹೆಸರೂ ಅಘನಾಶಿನಿಯೇ. ಬೋಟಿನಲ್ಲಿ ಬೈಕು ಕೂಡ ಹತ್ತಿಸ್ತಾರೆ. ಒಂದು ಮೂಲೆಯಲ್ಲಿ ಶಾಲೆ ಮಕ್ಕಳು, ಇನ್ನೊಂದು ಮೂಲೆಯಲ್ಲಿ ಬುಟ್ಟಿ ಇಟ್ಟುಕೊಂಡ ಹೆಂಗಸರು, ಆ ಬುಟ್ಟಿಯಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ಇದ್ದರೆ ನೀರು ತೊಟ್ಟಿಕ್ಕಿ ನಿಮ್ಮ ಚಪ್ಪಲಿ ಒದ್ದೆ. ಅಳಿವೆಯ ಕೆಸರಿನಲ್ಲಿ ಮೊಣಕಾಲುದ್ದ ನಿಂತು ಬಳಚು ಆರಿಸುವುದನ್ನು ಇಳಿತದ ಹೊತ್ತಿನಲ್ಲಿ ಹೋದರೆ ನೋಡಬಹುದು. 2024ರಲ್ಲಿ ಈ ಅಳಿವೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೆ ಸೇರಿತು. ಮೇಲೆ ಮಾಣಿಕಟ್ಟಾ ಕಡೆ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೀತಾರೆ, ಉಪ್ಪು ನೀರು ನುಗ್ಗಿದರೂ ಸಾಯದ ಭತ್ತ. ಪ್ರವಾಸಿಗಳು ಯಾರೂ ಆ ಕಡೆ ತಿರುಗಿ ನೋಡಲ್ಲ, ಎಲ್ಲರಿಗೂ ಓಂ ಬೀಚ್ ಫೋಟೋ ಸಾಕು.

ಹಳೇ_ಷೂ:

ದಂಡೆ ನಡಿಗೆ ನಾನು ಮೂರು ಸಲ ಮಾಡಿದ್ದೇನೆ, ಒಂದು ಸಲ ಕೆಟ್ಟು ಹೋಗಿದೆ, ಅದನ್ನೇ ಹೇಳ್ತೇನೆ.

ಪೂರ್ತಿ ಕುಮಟಾವರೆಗೆ ಅಂದರೆ ಇಪ್ಪತ್ತು ಕಿ.ಮೀ. ಮೇಲೆ. ಅದೂ ಡಾಂಬರಿನ ಇಪ್ಪತ್ತು ಅಲ್ಲ. ಮರಳಿನಲ್ಲಿ ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದೆ. ಮಗಳಿಗೆ ಪೂರ್ತಿ ಬೇಡ. ಕುಡ್ಲೆ ಬೀಚಿನಿಂದ ಓಂ, ಓಂನಿಂದ ಹಾಫ್ ಮೂನ್, ಅಲ್ಲಿಂದ ಪ್ಯಾರಡೈಸ್, ಇಷ್ಟೇ ಸಾಕು, ಚೆನ್ನಾಗಿರುವುದೂ ಇದೇ ತುಂಡು. ಸಮುದ್ರ ಪೂರ್ತಿ ಬಲಗಡೆ, ಎಡಗಡೆ ಗುಡ್ಡ, ನಡುವೆ ಕಾಲುದಾರಿ. ಹಾಫ್ ಮೂನ್ ದಾಟಿದ ಮೇಲೆ ಸ್ವಲ್ಪ ಜಾಗ್ರತೆ. ಅಲ್ಲಿ ಕೆಂಪು ಕಲ್ಲಿನ ಮೇಲೆ ಸಣ್ಣ ಗುಂಡು ಜಲ್ಲಿ ಇರುತ್ತದೆ, ನೋಡಲು ನೆಲ ಗಟ್ಟಿ, ಕಾಲಿಟ್ಟರೆ ಹರವಿದ ಕಡಲೆ ಮೇಲೆ ನಿಂತ ಹಾಗೆ ಜಾರುತ್ತದೆ. ಚಪ್ಪಲಿ ಬೇಡವೇ ಬೇಡ. ಹುಲ್ಲು ಎದೆಯುದ್ದ ಬೆಳೆದಿರುತ್ತದೆ ಅಕ್ಟೋಬರಿನಲ್ಲಿ, ಮುಂದೆ ಹೋಗುವವರು ಕೋಲಿನಿಂದ ನೆಲ ತಟ್ಟುತ್ತಾ ಹೋಗಿ.

ಕೆಟ್ಟ ಸಲದ ಕಥೆ ಇದು. ಬೆಂಗಳೂರಿನ ಒಂದು ಗುಂಪಿನ ಜೊತೆ ದುಡ್ಡು ಕೊಟ್ಟು ಹೋಗಿದ್ದೆ. ಹೆಸರು ಬೇಡ. ನಲವತ್ತು ಜನ, ಇಬ್ಬರು ಲೀಡರ್‌ಗಳು, ಒಬ್ಬ ಮುಂದೆ ಓಡಿದ, ಇನ್ನೊಬ್ಬ ಹಿಂದಿನವರ ಜೊತೆ ಹರಟುತ್ತಾ ನಿಂತ. ಓಂ ಬೀಚಿನಲ್ಲೇ ಊಟಕ್ಕೆ ಎರಡು ಗಂಟೆ ಹೋಯಿತು. ತದಡಿ ತಲುಪುವಷ್ಟರಲ್ಲಿ ಕತ್ತಲು, ಆಚೆ ದಡದಲ್ಲಿ ದೀಪ ಕಾಣ್ತಿದೆ, ಈಚೆ ದಡದಲ್ಲಿ ಕೊನೆ ಬೋಟ್ ಕಟ್ಟಿ ಹಾಕಿದ್ದಾರೆ. ನಮ್ಮ ಬಸ್ಸು ಆಚೆ ಕುಮಟಾದಲ್ಲಿ ಕಾಯ್ತಿದೆ. ಅದು ಹೆದ್ದಾರಿ ಸುತ್ತಿ ಮಿರ್ಜಾನ್ ಮೇಲೆ ಬರುವವರೆಗೆ ಮೀನಿನ ವಾಸನೆ ಕುಡಿಯುತ್ತಾ ಬಂದರಿನಲ್ಲಿ ಕೂತಿದ್ದೆವು. ಅದಕ್ಕೇ ಹೇಳೋದು, ಬೋಟ್ ಎಷ್ಟು ಹೊತ್ತಿನವರೆಗೆ ಇದೆ ಅಂತ ಆ ದಿನ ಬೆಳಿಗ್ಗೆಯೇ ಊರಿನವರನ್ನು ಕೇಳಿಕೊಳ್ಳಿ. ನೆಟ್ಟಿನಲ್ಲಿ ಬರೆದದ್ದನ್ನು ನಂಬಬೇಡಿ, ನಾನು ಬರೆದದ್ದನ್ನೂ ಸೇರಿಸಿ.

ಇನ್ನೊಂದು. ಬಂಡೆಗಳ ನಡುವೆ ನೀರಿಗೆ ಇಳಿಯಬೇಡಿ. ಮೇಲೆ ಶಾಂತ ಕಾಣುತ್ತದೆ, ಕೆಳಗೆ ಸೆಳೆತ. ಮಗಳು ಆಡಬೇಕು ಅಂದರೆ ಕುಡ್ಲೆಯಲ್ಲಿ ಆಡಲಿ, ಮೊಣಕಾಲಿನವರೆಗೆ ಸಾಕು.

ಚಕ್ಕುಲಿ_ಚೀಲ:

ತುಂಬಾ ಥ್ಯಾಂಕ್ಸ್. ನಮ್ಮವರಿಗೆ ಓದಿ ಹೇಳಿದೆ, 'ಹಾಗಾದರೆ ಮಾಗೋಡು ಮಾತ್ರ ಇಟ್ಟುಕೊಳ್ಳೋಣ' ಅಂದರು. ಇನ್ನೂ ಮಾತುಕತೆ ನಡೀತಿದೆ. ಅತ್ತೆಗೆ ಏನು ಮಾಡೋದು? ಮತ್ತೆ ಉಂಬಳದ ಬಗ್ಗೆ ಎಲ್ಲರೂ ಜಾಣತನದಿಂದ ಜಾರಿಕೊಂಡಿದ್ದೀರಿ!

ಸಿದ್ದಾಪುರದ_ಸೊಸೆ:

ಉಂಬಳದ ನಿಜ ಹೇಳ್ತೇನೆ ಕೇಳಿ. ಅಕ್ಟೋಬರ್ ಕೊನೆಗೆ ಮಳೆ ಬಿಟ್ಟು ವಾರ ಆಗಿದ್ದರೆ ತುಂಬಾ ಕಡಿಮೆ. ಹಿಂದಿನ ದಿನ ಒಂದು ಅಡ್ಡಮಳೆ ಬಂದಿದ್ದರೆ ಇದ್ದೇ ಇರುತ್ತದೆ. ದಂಡೆ ಕಡೆ ಚಿಂತೆ ಇಲ್ಲ, ಯಾಣ, ವಿಭೂತಿ, ಉಂಚಳ್ಳಿ ಕಡೆಯ ನೆರಳಿನ ದಾರಿಯಲ್ಲಿ ಮಾತ್ರ. ಕಚ್ಚಿದ್ದು ಗೊತ್ತಾಗುವುದೇ ಇಲ್ಲ. ನಾನು ಮದುವೆಯಾಗಿ ಬಂದ ಮೊದಲ ವರ್ಷ ತೋಟಕ್ಕೆ ಹೋಗಿ ಬಂದು ಜಗಲಿಯಲ್ಲಿ ಕಾಲು ನೋಡಿದರೆ ಎರಡು ಬೆರಳಿನ ಸಂದಿಯಲ್ಲಿ ನೇರಳೆ ಹಣ್ಣಿನಷ್ಟು ದಪ್ಪ ಆಗಿ ಒಂದು ಕೂತಿತ್ತು. ನಾನು ಕಿರುಚಿದ್ದಕ್ಕೆ ನಮ್ಮ ಅತ್ತೆ ಒಳಗಿನಿಂದ ಬಂದು, ಒಂದು ಚಿಟಿಕೆ ಉಪ್ಪು ಹಾಕಿ, ಅದು ಉದುರಿದ ಮೇಲೆ ಮತ್ತೆ ಒಳಗೆ ಹೋಗಿ ದೋಸೆ ಹೊಯ್ದರು. ಅಷ್ಟೇ ವಿಷಯ ಅದು. ಉಪ್ಪಿನ ಪೊಟ್ಟಣ, ಉದ್ದ ಸಾಕ್ಸ್, ಪ್ಯಾಂಟು ಸಾಕ್ಸಿನ ಒಳಗೆ. ಎಳೆದು ಕೀಳಬೇಡಿ. ರಕ್ತ ಸ್ವಲ್ಪ ಹೊತ್ತು ಬರುತ್ತದೆ, ನಿಲ್ಲುತ್ತದೆ.

ನನ್ನ ಪ್ರಕಾರ ಹೆದರಬೇಕಾದದ್ದು ಉಣುಗಿಗೆ. ನಮ್ಮ ತಾಲ್ಲೂಕಿನಲ್ಲಿ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು, ಅದಕ್ಕೇ ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಅಂತ ಹೆಸರು. ಅದರ ಕಾಲ ಮುಖ್ಯವಾಗಿ ಡಿಸೆಂಬರಿನಿಂದ ಮೇವರೆಗೆ, ನೀವು ಬರುವ ಹೊತ್ತಿಗೆ ಅಷ್ಟು ಆತಂಕ ಇಲ್ಲ. ಈ ಪ್ರಶ್ನೆಯನ್ನು ಜನವರಿಯಲ್ಲಿ ಓದುವವರಿಗೆ ಹೇಳ್ತಿದ್ದೇನೆ. ಒಣಗಿದ ಎಲೆ ಮೇಲೆ ಕೂರಬೇಡಿ, ಆಶಾ ಕಾರ್ಯಕರ್ತೆಯರು ಕೊಡುವ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ, ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ಹೋಗಿ ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಮೊದಲೇ ಹೇಳಬೇಕು, ಬೆಂಗಳೂರಿನಲ್ಲಿ ಅವರಾಗಿ ಕೇಳುವುದು ಕಡಿಮೆ.

ನಿಮ್ಮ ಅತ್ತೆಗೆ ಉಂಚಳ್ಳಿ ಮೆಟ್ಟಿಲು ಬೇಡ. ಇಳಿಯುವಾಗ ಗೊತ್ತಾಗಲ್ಲ, ಹತ್ತುವಾಗ ಮಂಡಿ ಹಿಡಿಯುತ್ತದೆ. ಹೊನ್ನಾವರ ಕಡೆ ಕರೆದುಕೊಂಡು ಹೋಗಿ. ಅಪ್ಸರಕೊಂಡದಲ್ಲಿ ಸಣ್ಣ ಜಲಪಾತ, ಕೆಳಗೆ ಕೊಳ, ಮೇಲಿಂದ ಸಮುದ್ರ ಕಾಣುತ್ತದೆ, ಎರಡೂ ಒಂದೇ ಕಡೆ ಸಿಕ್ಕಿತಲ್ಲ. ಹತ್ತಿರದಲ್ಲೇ ಕಾಸರಕೋಡಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಒಳಗೆ ಹಲಗೆ ದಾರಿ ಮಾಡಿದ್ದಾರೆ, ಸಮತಟ್ಟಾಗಿದೆ, ಅವರು ನಿಧಾನವಾಗಿ ನಡೆಯಬಹುದು. ಅಲ್ಲಿಯ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಬಂದಿದೆ, ಶೌಚಾಲಯ ಚೊಕ್ಕ ಇರುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಜಲಪಾತಕ್ಕಿಂತ ಇದು ಮುಖ್ಯ, ಗಂಡಸರು ಶೀಟಿನಲ್ಲಿ ಬರೆಯುವುದಿಲ್ಲ.

ಮಳೆಹುಚ್ಚ:

ಸೊಸೆಯವರೇ, ಕೊನೆ ವಾಕ್ಯಕ್ಕೆ ಗಂಡಸರ ಪರವಾಗಿ ಕ್ಷಮೆ.

ಯಾಣದ ಬಗ್ಗೆ ಯಾರೂ ಹೇಳಿಲ್ಲ. ಎರಡು ಕಪ್ಪು ಬಂಡೆ, ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90. ಅದರಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಕೂಗಾಟ ಬೇಡ, ಗಮಗಮ ಸೆಂಟ್ ಬೇಡ. ಅದೇ ದಿನ ವಿಭೂತಿಗೂ ಹೋಗಿ, ಹತ್ತಿರವೇ ಇದೆ. ಸುಮಾರು ಮೂವತ್ತು ಅಡಿ ಅಷ್ಟೇ, ಆದರೆ ನೀರಿನಲ್ಲಿ ಕಾಲು ಇಳಿಬಿಡಬಹುದು. ಅಲ್ಲಿಯ ಬಂಡೆ ಸುಣ್ಣಕಲ್ಲು, ವಿಭೂತಿ ಬಳಿದ ಹಾಗೆ ಬೆಳ್ಳಗೆ, ಹೆಸರು ಅದರಿಂದಲೇ. ಪಾಚಿ ಇದ್ದಲ್ಲಿ ಮಾತ್ರ ನಂಬಬೇಡಿ, ನನ್ನ ಹಳೇ ಫೋನ್ ಈಗಲೂ ಅಲ್ಲೇ ಇದೆ.

ಕುಮಟಾ_ಮಾಣಿ:

'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಅಂತ ನಮ್ಮಲ್ಲಿ ಗಾದೆ. ಆಗ ಯಾಣಕ್ಕೆ ರಸ್ತೆ ಇರಲಿಲ್ಲ, ಕಾಲಲ್ಲಿ ಕಸುವು ಇದ್ದವರು ಮಾತ್ರ ಹೋಗ್ತಿದ್ದರು. ಈಗ ಹತ್ತಿರದವರೆಗೆ ಕಾರು ಹೋಗುತ್ತದೆ, ಗೋಕರ್ಣದಲ್ಲಿ ರೂಮಿನ ಬಾಡಿಗೆ ನೋಡಿದರೆ ಗಾದೆಯ ಎರಡನೇ ಅರ್ಧ ಮಾತ್ರ ಇನ್ನೂ ನಿಜ. ಅದಕ್ಕೆ ಕುಮಟಾದಲ್ಲಿ ಉಳಿಯಿರಿ ಅಕ್ಕಾ. ಪಂಚಗಂಗಾ ರೈಲು ಕುಮಟಾದಲ್ಲೂ ನಿಲ್ಲುತ್ತದೆ, ಸಂಜೆ ಬೆಂಗಳೂರಲ್ಲಿ ಹತ್ತಿದರೆ ಬೆಳಿಗ್ಗೆ ಇಲ್ಲಿ.

ಒಂದು ಎಚ್ಚರಿಕೆ: ಮಧ್ಯಾಹ್ನದ ಊಟದಲ್ಲಿ ಯಾರಾದರೂ ಅಪ್ಪೆಹುಳಿ ಬಡಿಸಿದರೆ ಒಂದೇ ಲೋಟಕ್ಕೆ ನಿಲ್ಲಿಸಿ. ಅದನ್ನು ಕುಡಿದವರು ಎರಡು ಗಂಟೆ ಏಳುವುದಿಲ್ಲ, ಆ 25 ನಿಮಿಷದ ಕಾಲಂ ಅಲ್ಲೇ ಮುಗಿಯುತ್ತದೆ.

ಚಕ್ಕುಲಿ_ಚೀಲ:

ತೀರ್ಮಾನ ಆಯಿತು. ಮೊದಲ ದಿನ ನಾವು ಮೂವರು ಕುಡ್ಲೆಯಿಂದ ಪ್ಯಾರಡೈಸ್‌ವರೆಗೆ ನಡೆದು, ವಾಪಸ್ ಬಂದು ಆಟೋದಲ್ಲಿ ತದಡಿಗೆ ಹೋಗೋದು. ಅತ್ತೆ ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಮುಗಿಸಿ ತದಡಿಯಲ್ಲಿ ನಮ್ಮನ್ನು ಸೇರುತ್ತಾರೆ, ಬೋಟು ಎಲ್ಲರೂ ಒಟ್ಟಿಗೆ. ಎರಡನೇ ದಿನ ಯಾಣ, ವಿಭೂತಿ. ಮೂರನೇ ದಿನ ಅಪ್ಪ ಮಗಳು ಉಂಚಳ್ಳಿಗೆ, ನಾನು ಅತ್ತೆ ಹೊನ್ನಾವರಕ್ಕೆ. ಮಾಗೋಡು ಇಲ್ಲ, ಜೋಗ ಇಲ್ಲ. ನಮ್ಮವರು ಶೀಟನ್ನು ಅಳಿಸಿಲ್ಲ, 'ಮುಂದಿನ ವರ್ಷ' ಅಂತ ಹೆಸರು ಬದಲಾಯಿಸಿ ಇಟ್ಟಿದ್ದಾರೆ.

ಅತ್ತೆಗೆ ಉಂಬಳದ ಕಥೆ ಓದಿ ಹೇಳಿದೆ. ಈಗಲೇ ಹೋಗಿ ಸಣ್ಣ ಡಬ್ಬಿಗೆ ಉಪ್ಪು ತುಂಬಿಸಿಕೊಂಡು ಬಂದರು.

ಹಳೇ_ಷೂ:

ಡಬ್ಬಿ ಬೇಡ, ಅಲ್ಲಿಯ ಹವೆಗೆ ಉಪ್ಪು ನೀರಾಗಿ ಗಟ್ಟಿ ಆಗುತ್ತದೆ, ಬೇಕಾದಾಗ ಉದುರುವುದಿಲ್ಲ. ಬಟ್ಟೆ ತುಂಡಿನಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಕಟ್ಟಿಕೊಳ್ಳಿ, ಸ್ವಲ್ಪ ಒದ್ದೆ ಮಾಡಿ ಉಂಬಳಕ್ಕೆ ಮುಟ್ಟಿಸಿದರೆ ಸಾಕು.