ವೆಸಿಕಲ್‌ಗೆ ಕೋಶಿಕೆಯೋ, ಗುಳ್ಳೆಯೋ, ಕಿರುಚೀಲವೋ?

ಗೆಳೆಯರಿಗೆ ನಮಸ್ಕಾರ.

ಕ್ಯಾನ್ಸರ್ ಬಗ್ಗೆ ಕನ್ನಡದಲ್ಲಿ ಬರೆಯುವಾಗ 'ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್'ಗೆ ಏನು ಹೇಳೋಣ? ಜೀವಕೋಶಗಳು ಹೊರಕ್ಕೆ ಬಿಡುವ, ಪೊರೆ ಸುತ್ತಿಕೊಂಡ ತೀರಾ ಸಣ್ಣ ಚೀಲಗಳಿವು. ಒಳಗೆ ಪ್ರೋಟೀನು, ಆರ್‌ಎನ್‌ಎ ಇರುತ್ತವೆ. ಆರೋಗ್ಯವಾಗಿರುವ ಕೋಶಗಳೂ ಇವನ್ನು ಬಿಡುತ್ತವೆ, ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಜಾಸ್ತಿ ಬಿಡುತ್ತವೆ.

ಮೊದಲು ಹೊಳೆಯುವುದು 'ಕೋಶಿಕೆ'. ಆದರೆ ಈ ಸಾಲು ಓದಿ ನೋಡಿ: "ಸ್ತನ ಕ್ಯಾನ್ಸರ್ ಕೋಶದ ಕೋಶಿಕೆಗಳು ಶ್ವಾಸಕೋಶದ ಕೋಶಗಳನ್ನು ಸೇರುತ್ತವೆ." ಒಂದೇ ಸಾಲಿನಲ್ಲಿ ನಾಲ್ಕು ಸಲ ಕೋಶ! ಅಂಗ ಯಾವುದು, ಜೀವಕೋಶ ಯಾವುದು, ಚೀಲ ಯಾವುದು ಅಂತ ಓದುವವರು ತಡಕಾಡಬೇಕು. ಮೇಲಾಗಿ ಹಿಂದಿಯಲ್ಲಿ ಕೋಶಿಕಾ ಅಂದರೆ ಜೀವಕೋಶವೇ. ಎರಡೂ ಭಾಷೆ ಓದುವ ಮಕ್ಕಳಿಗೆ ಗೊಂದಲ ಖಂಡಿತ.

'ಗುಳ್ಳೆ' ನನಗೆ ಇಷ್ಟದ ಪದ. ಆದರೆ ಅದು ಚರ್ಮದ ಮೇಲೆ ಏಳುವ ನೀರುಗುಳ್ಳೆಗೆ ಆಗಲೇ ಸಲ್ಲುತ್ತಿದೆ. ರೋಗಿಯ ಮನೆಯವರು ಓದಿದರೆ ಅದನ್ನೇ ಅಂದುಕೊಳ್ಳುತ್ತಾರೆ, ಅಲ್ವಾ?

ಇವು ಕೋಶದಿಂದ ಕೋಶಕ್ಕೆ ಸಂದೇಶ ಒಯ್ಯುತ್ತವೆ ಎಂದು, ಆ ಕೆಲಸ ನೋಡಿ 'ಸಂದೇಶಚೀಲ' ಎನ್ನುವುದೂ ಬೇಡ ಅನಿಸುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೋಸ್ ಜಾನ್‌ಸ್ಟೋನ್ 1980ರ ದಶಕದಲ್ಲಿ ಕುರಿಯ ಎಳೆಯ ಕೆಂಪು ರಕ್ತಕಣಗಳಲ್ಲಿ ಇವನ್ನು ಅಭ್ಯಾಸ ಮಾಡಿದರು. 1987ರಲ್ಲಿ 'ಎಕ್ಸೋಸೋಮ್' ಎಂದು ಕರೆದರು. ಕೋಶ ತನಗೆ ಬೇಡವಾದದ್ದನ್ನು ಹೊರಹಾಕುವ ದಾರಿ ಇದು ಎಂಬುದು ಆಗಿನ ತಿಳಿವಳಿಕೆ. ಆಗಲೇ ನಾವು ಕೆಲಸ ನೋಡಿ ಹೆಸರಿಟ್ಟಿದ್ದರೆ 'ಕಸದ ಚೀಲ' ಆಗಿಬಿಡುತ್ತಿತ್ತು. 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಇವು ಒಂದು ಕೋಶದಿಂದ ಇನ್ನೊಂದಕ್ಕೆ ಆರ್‌ಎನ್‌ಎ ಒಯ್ಯುತ್ತವೆ ಎಂದು ತೋರಿಸಿದರು. ಅಲ್ಲಿಂದ ಇವನ್ನು ನೋಡುವ ಬಗೆಯೇ ಬದಲಾಯಿತು.

ಹಾಗಾಗಿ ನನ್ನ ಒಲವು 'ಕಿರುಚೀಲ'ದ ಕಡೆಗೆ. ಕೋಶದ ಒಳಗೂ ಇಂಥ ಚೀಲಗಳು ಇರುವುದರಿಂದ, ಬೇರೆ ಮಾಡಿ ಹೇಳಬೇಕಾದಲ್ಲಿ 'ಹೊರ ಕಿರುಚೀಲ' ಎನ್ನಬಹುದು. ಎಕ್ಸೋಸೋಮ್ ಹಾಗೇ ಇರಲಿ. ಅದು ಈ ಗುಂಪಿನ ಒಂದು ಬಗೆ ಮಾತ್ರ: ಕೋಶದ ಒಳಗೆ ಹುಟ್ಟಿ ಹೊರಬರುವಂಥದ್ದು, ಸುಮಾರು 30ರಿಂದ 150 ನ್ಯಾನೋಮೀಟರ್. ಕೋಶದ ಹೊರಪೊರೆಯಿಂದಲೇ ಚಿಗುರಿ ಕಳಚಿಕೊಳ್ಳುವ ಚೀಲಗಳು ಬೇರೆ. ಪತ್ರಿಕೆಗಳಲ್ಲಿ ಎಲ್ಲವನ್ನೂ ಸುಮ್ನೆ ಎಕ್ಸೋಸೋಮ್ ಎಂದು ಬರೆಯುವುದನ್ನು ಬಿಡಬೇಕು.

ಇನ್ನೊಂದು ಪದ ಇದಕ್ಕಿಂತ ಹೆಚ್ಚು ಕಾಡುತ್ತಿದೆ: 'ಪ್ರಿ-ಮೆಟಾಸ್ಟಾಟಿಕ್ ನೀಶ್'. ಗೆಡ್ಡೆಯ ಕೋಶಗಳು ಹೊಸ ಜಾಗಕ್ಕೆ ಹೋಗಿ ಬೇರೂರುವ ಮೊದಲೇ ಅವುಗಳ ಕಿರುಚೀಲಗಳು ಅಲ್ಲಿಗೆ ತಲುಪಿ ಆ ಜಾಗವನ್ನು ಸಿದ್ಧ ಮಾಡಬಲ್ಲವು. ನ್ಯೂಯಾರ್ಕಿನ ಡೇವಿಡ್ ಲೈಡನ್ ಅವರ ತಂಡ 2015ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿತು. ಎಕ್ಸೋಸೋಮಿನ ಮೈಮೇಲೆ ಯಾವ ಇಂಟೆಗ್ರಿನ್ ಪ್ರೋಟೀನು ಇದೆ ಎಂಬುದರ ಮೇಲೆ ಅದು ಶ್ವಾಸಕೋಶಕ್ಕೆ ಹೋಗುತ್ತದೋ, ಯಕೃತ್ತಿಗೆ ಹೋಗುತ್ತದೋ ಎನ್ನುವುದು ನಿಂತಿತ್ತು. 1889ರಲ್ಲೇ ಇಂಗ್ಲೆಂಡಿನ ಸ್ಟೀಫನ್ ಪ್ಯಾಜೆಟ್ ಕ್ಯಾನ್ಸರ್ ಹರಡುವುದನ್ನು ಬೀಜ ಮತ್ತು ನೆಲದ ಮಾತಿನಲ್ಲಿ ವಿವರಿಸಿದ್ದರು. ಅದನ್ನೇ ಹಿಡಿದು ನಾನು 'ಹದಗೊಂಡ ನೆಲ' ಎಂದು ಬರೆಯುತ್ತಿದ್ದೇನೆ. 'ಸ್ಥಾನಾಂತರಪೂರ್ವ ನೆಲೆ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಆದರೆ ನಮ್ಮಲ್ಲಿ ಹದ ಎಂದರೆ ಒಳ್ಳೆಯದು. ಹದವಾದ ಮಳೆ, ಹದವಾದ ಮಾತು. ರೋಗದ ವಿಷಯಕ್ಕೆ ಆ ಪದ ಒಗ್ಗುತ್ತದಾ? ವೈದ್ಯರು, ಬೇಸಾಯ ಬಲ್ಲವರು ಇಬ್ಬರೂ ಹೇಳಬೇಕು.