ಓಬ್ಯುಸೋಂ ಟ್ಯಾಪೆಸ್ಟ್ರೀಲಿ ಅಡ್ಡ ಸೀಳು, ಜೋಲು. ಇಸ್ತ್ರಿಗೂ ಜಗ್ತಿಲ್ಲ!

ಚಿತ್ತಾರ_ಗೋಡೆ: ತಲೆ ಕೆಟ್ಟುಹೋಗಿದೆ. ಫ್ರಾನ್ಸಿನ ಓಬ್ಯುಸೋಂ ಊರಲ್ಲಿ ನೇಯ್ದ 18ನೇ ಶತಮಾನದ ಉಣ್ಣೆ ಟ್ಯಾಪೆಸ್ಟ್ರಿ, ಅಂದ್ರೆ ಗೋಡೆಗೆ ಹಾಕೋ ನೇಯ್ದ ಚಿತ್ರ. ಚಿತ್ರ ಕೊಲ್ಯಾಂ-ಮಯ್ಯಾರ್: ತೋಟದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡವಳು ಉಳಿದವರನ್ನ ಹಿಡಿಯೋ ಆಟ. ಅವಳ ಲಂಗದ ಹತ್ತಿರ ಅಡ್ಡಡ್ಡ ಸೀಳು, ಕೆಳಗೆ ಜೋಲು. ಏನ್ ಮಾಡ್ಲಿ?

ನುಸಿವೈರಿ: ನುಸಿ, ಉಣ್ಣೆ ತಿನ್ನೋ ಹುಳು. ಪಾಲಿಥೀನಲ್ಲಿ ಸುತ್ತಿ ಮೈನಸ್ 30 ಡಿಗ್ರೀಲಿ 3 ದಿನ ಇಡಿ. ಹೊರಗೆ ತೆಗೆದು 24 ಗಂಟೆ ಬಿಚ್ಚಬೇಡಿ, ಬಟ್ಟೆ ಮೇಲೆ ನೀರು ಕೂರುತ್ತೆ.

ಗುಂಡಿಮಗ್ಗ: ಮೊದಲು ಇಸ್ತ್ರಿ ನಿಲ್ಲಿಸಿ. ಸೀಳಿನ ಅಂಚು ನೇರವೋ, ಅಂಕುಡೊಂಕೋ? ಮರಳಿನಂಥ ಹಿಕ್ಕೆ, ಬಲೆ ಇದ್ಯಾ? ಹೇಗೆ ನೇತುಹಾಕಿದೀರಿ?

ನುಸಿವೈರಿ: ಹಿಕ್ಕೆ ಉದುರಿಹೋಗಿರುತ್ತೆ. ನುಸೀನೇ.

ಜಗಲಿಕಟ್ಟೆ: ಕಣ್ಣಾಮುಚ್ಚಾಲೆ ಅಂದಿದ್ರೆ ಸಾಕಿತ್ತಲ್ಲ.

ಬಣ್ಣದತೊಟ್ಟಿ: ಸಾಲದು. ಕಣ್ಣಾಮುಚ್ಚಾಲೇಲಿ ಉಳಿದವರು ಬಚ್ಚಿಟ್ಕೋತಾರೆ. ಇಲ್ಲಿ ಅವಳ ಸುತ್ತಲೇ ಸುಳೀತಾರೆ.

ಚಿತ್ತಾರ_ಗೋಡೆ: ಅಂಚು ನೇರ, ಹಿಕ್ಕೆ ಇಲ್ಲ. ಮೇಲೆ 4 ಹಿತ್ತಾಳೆ ಬಳೆ, ಮೊಳೆಗೆ. ಎಲ್ಲರೂ ಹಾಗೇ ತಾನೆ? ಹಿಂದೆ ಹತ್ತಿ ಲೈನಿಂಗ್, ನಾಲ್ಕೂ ಕಡೆ ಹೊಲಿದಿದೆ.

ಗುಂಡಿಮಗ್ಗ: ಇದನ್ನ ಮೊದಲೇ ಹೇಳೋದಲ್ವಾ! ಓಬ್ಯುಸೋಂನಲ್ಲಿ ಚಿತ್ರವನ್ನ ಪಕ್ಕಕ್ಕೆ ಮಲಗಿಸಿ ನೇಯ್ತಾರೆ. ಗೋಡೆಗೆ ಏರಿಸಿದಾಗ ಹಾಸು (ಮಗ್ಗಕ್ಕೆ ಬಿಗಿದ ಎಳೆ) ಅಡ್ಡ, ಹೊಕ್ಕು (ಅದರ ನಡುವೆ ತೂರಿಸೋ ಬಣ್ಣದ ಎಳೆ) ಉದ್ದ. ಹಾಸಿನಗುಂಟ ಎರಡು ಬಣ್ಣ ಸೇರೋ ಕಡೆ ಕಂಡಿ ಉಳಿಯುತ್ತೆ, ಅದನ್ನ ಆಮೇಲೆ ಕೈಯಲ್ಲಿ ಹೊಲೀತಾರೆ. ಆ ಹೊಲಿಗೆ ಹರಿದಿದೆ, ಕೆಳಗಿನ ಭಾರಕ್ಕೆ ಕಂಡಿ ಬಾಯಿ ಬಿಟ್ಟಿದೆ. 4 ಬಳೆ ಅಂದ್ರೆ ಇಡೀ ಭಾರ 4 ಕಡೆ ಮಾತ್ರ.

ಇಳಿಸಿ, ಮೇಜಿನ ಮೇಲೆ ಹರಡಿ. ಬಾಗಿದ ಸೂಜಿ, ಹೊಂದುವ ಬಣ್ಣದ ನೂಲು, 3–4 ಮಿ.ಮೀ.ಗೊಂದು ಹೊಲಿಗೆ. ನೂಲನ್ನ ಹಾಸಿನ ಎಳೆಗೆ ಸುತ್ತಿ ಹಿಡೀರಿ, ಹೊಕ್ಕನ್ನ ಚುಚ್ಚಬೇಡಿ. ಬಿಗಿದ್ರೆ ಸುಕ್ಕು. ಲೈನಿಂಗಿನ ಕೆಳಗಿನ ಅಂಚು ಬಿಚ್ಚಿಬಿಡಿ. ತೇವಕ್ಕೆ ಹತ್ತಿ, ಉಣ್ಣೆ ಒಂದೇ ಸಮ ಹಿಗ್ಗಲ್ಲ, ಜೋಲಿಗೆ ಅದೂ ಕಾರಣ. ಬಳೆ ಬದಲು 5 ಸೆಂ.ಮೀ. ವೆಲ್ಕ್ರೋ: ಮೃದು ಭಾಗವನ್ನ ಹತ್ತಿ ಪಟ್ಟಿಗೆ ಮೆಷಿನ್ನಲ್ಲಿ ಹೊಲಿದು, ಆ ಪಟ್ಟಿಯನ್ನ ಮೇಲಂಚಿನುದ್ದಕ್ಕೂ ಕೈಹೊಲಿಗೇಲಿ ಕೂರಿಸಿ. ಒರಟು ಭಾಗ ಮರದ ರೀಪಿಗೆ ಸ್ಟೇಪಲ್.

ನುಸಿವೈರಿ: ಆದ್ರೂ ಒಂದ್ಸಲ ಫ್ರೀಜರ್‌ಗೆ ಹಾಕಿ.

ಗುಂಡಿಮಗ್ಗ: 3 ಮೀಟರ್ ಬಟ್ಟೆನ ಯಾವ ಫ್ರೀಜರಪ್ಪಾ?

ಚಿತ್ತಾರ_ಗೋಡೆ: ಇನ್ನೊಂದು. ಮರದ ಕಂದು ಗೆರೆಗಳಲ್ಲಿ ಬರೀ ಬಿಳಿ ಹಾಸು ಕಾಣ್ತಿದೆ. ಎಲೆ ನೀಲಿ ಆಗಿದೆ. ಅದನ್ನೂ ಹೊಲೀಲಾ?

ಬಣ್ಣದತೊಟ್ಟಿ: ಬೇಡ. ಆ ಕಂದಿಗೆ ಕಬ್ಬಿಣ, ಟ್ಯಾನಿನ್ (ತೊಗಟೆ, ಕಾಯಿಗಳ ಒಗರು ಸತ್ವ) ಹಾಕ್ತಿದ್ರು. ಅದೇ ಉಣ್ಣೆಯನ್ನ ಪುಡಿಮಾಡುತ್ತೆ. ಬಣ್ಣ ಹಾಕದ ಹಾಸು ಹಾಗೇ ಉಳಿಯುತ್ತೆ. ಹಿಂದಿನಿಂದ ಲಿನನ್ ತುಂಡು ಕೊಟ್ಟು ಹಿಡಿಸಿ. ಎಲೆಯ ಹಸಿರು ಅಂದ್ರೆ ನೀಲಿ ಮೇಲೆ ಹಳದಿ, ಹಳದಿ ಬಿಸಿಲಿಗೆ ಹಾರಿದೆ. ಹಿಂಬದಿ ನೋಡಿ, ಹಸಿರು ಇನ್ನೂ ಇರುತ್ತೆ. ಮೇಲೆ ಬೀಳೋ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟದಿರಲಿ.

ಜಗಲಿಕಟ್ಟೆ: ನಮ್ಮಲ್ಲಿ ಡಿಮ್ಮರ್ ಹಾಕಿದ 6 ಎಲ್‌ಇಡಿ, ಯುವಿ ಫಿಲ್ಟರ್, ಮನುಷ್ಯ ಬಂದಾಗ ಮಾತ್ರ ಹತ್ತೋ ಸೆನ್ಸರ್. ಫೋಟೋ ಹಾಕ್ಲಾ?

ನುಸಿವೈರಿ: ಹಾಕಿ. ಯಾವ ಡಿಮ್ಮರ್?